ಅಲೆಯ ಎತ್ತರ ಆಮೇಲೆ, ಮೊದಲು ಸೆಕೆಂಡ್ ನೋಡಿ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರು. ಹದಿನೇಳು ವರ್ಷದ ಮಗಳು ಮತ್ತು ನಾನು ಹೋದ ವರ್ಷದಿಂದ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿಯುತ್ತಿದ್ದೇವೆ. ಮೊಬೈಲ್‌ನ ಮುನ್ಸೂಚನೆಯಲ್ಲಿ ‘1.2 ಮೀಟರ್, 6 ಸೆಕೆಂಡ್, ವಾಯವ್ಯ’ ಎಂದಿದ್ದ ದಿನ ಒಳ್ಳೆಯ ಅಲೆ ಸಿಗಬಹುದೆಂದು ಘಾಟಿ ಇಳಿದು ಹೋದೆವು. ಕಡಲು ಕದಡಿಹೋಗಿತ್ತು, ಮಗಳಿಗೆ ಒಂದು ಅಲೆಯನ್ನೂ ಹಿಡಿಯಲಾಗಲಿಲ್ಲ. ಮತ್ತೊಮ್ಮೆ ‘0.7 ಮೀಟರ್, 14 ಸೆಕೆಂಡ್, ದಕ್ಷಿಣ-ನೈರುತ್ಯ’ ಎಂದಿತ್ತು. ಅಲೆ ಸಣ್ಣದು, ಮೇಲಾಗಿ ನಮ್ಮೂರಿನಲ್ಲಿ ಸಂಜೆ ಗುಡುಗು ಮಳೆ ಬೇರೆ, ಹೋಗಲಿಲ್ಲ. ಮರುದಿನ ಬೆಳಿಗ್ಗೆ ಅಲೆ ಬಹಳ ಚೆನ್ನಾಗಿತ್ತೆಂದು ಅಲ್ಲಿನವರು ಹೇಳಿದರು. ಮನೆಯಲ್ಲೇ ಕುಳಿತು ಕಡಲನ್ನು ಅಂದಾಜು ಮಾಡುವುದು ಹೇಗೆ? ಕಾಫಿ ಹೂವರಳಿಸುವ ಹೂಮಳೆಯ ಕೆಲಸ ಮುಗಿಸಿ ಏಪ್ರಿಲ್, ಮೇ ತಿಂಗಳಲ್ಲಿ ಹೋಗುವ ಯೋಚನೆಯಿದೆ. ಮಗಳಿಗೆ ಸ್ವಂತ ಬೋರ್ಡ್ ಕೊಡಿಸಬಹುದೇ?

ಉತ್ತರ: ನೀವು ಬರೆದಿರುವ ಎರಡು ಸಾಲು ಅಂಕಿಗಳನ್ನು ಪಕ್ಕಪಕ್ಕ ಇಟ್ಟುಕೊಂಡರೆ ಬಹುಪಾಲು ಉತ್ತರ ಅಲ್ಲೇ ಸಿಗುತ್ತದೆ. ನೀವು ಮೊದಲು ಓದಿದ್ದು ಮೀಟರ್. ಓದಬೇಕಾಗಿದ್ದು ಸೆಕೆಂಡ್. ಹಾಸನದಲ್ಲಿದ್ದುಕೊಂಡು ಮೂಲ್ಕಿ, ಸಸಿಹಿತ್ಲುಗಳ ಅಲೆಗೆ ಹೋಗಿಬರುವ ನನ್ನಂಥವರಿಗೆ ಘಾಟಿ ಇಳಿಯಬೇಕೇ ಬೇಡವೇ ಎಂದು ತೀರ್ಮಾನಿಸಲು ಅದಕ್ಕಿಂತ ನಂಬಿಕೆಯ ಅಂಕಿ ಇನ್ನೊಂದಿಲ್ಲ.

ಆ ಸೆಕೆಂಡ್ ಎಂದರೆ ಒಂದು ಅಲೆಯ ತಲೆ ಹಾದುಹೋದ ಮೇಲೆ ಮುಂದಿನ ಅಲೆಯ ತಲೆ ಬರುವವರೆಗಿನ ಅವಧಿ. ಆರು ಸೆಕೆಂಡಿನ ಅಲೆ ಸಾಮಾನ್ಯವಾಗಿ ಹತ್ತಿರದಲ್ಲೇ, ಈಗ ಬೀಸುತ್ತಿರುವ ಅಥವಾ ನಿನ್ನೆ ಬೀಸಿದ ಗಾಳಿಯಿಂದ ಎದ್ದದ್ದು. ಹದಿನಾಲ್ಕು ಸೆಕೆಂಡಿನ ಅಲೆ ನಮ್ಮ ಕಡಲಿನದೇ ಅಲ್ಲ. ಅದು ಸಮಭಾಜಕ ರೇಖೆಯಾಚೆ, ದಕ್ಷಿಣ ಅಕ್ಷಾಂಶ ನಲವತ್ತು, ಐವತ್ತು ಡಿಗ್ರಿಗಳ ಬಳಿ, ತಡೆಯಲು ನೆಲವೇ ಇಲ್ಲದ ದಕ್ಷಿಣ ಮಹಾಸಾಗರದಲ್ಲಿ ಬೀಸಿದ ಬಿರುಗಾಳಿಯ ಫಲ. ಹೀಗೆ ಹುಟ್ಟಿದ ಜಾಗವನ್ನು ಬಿಟ್ಟು ಸ್ವತಂತ್ರವಾಗಿ ಸಾಗುವ ಅಲೆಗಳ ಸಾಲನ್ನು ಸ್ವೆಲ್ ಎನ್ನುತ್ತಾರೆ. ಆಳ ಸಮುದ್ರದಲ್ಲಿ ಅಲೆಗಳ ಗುಂಪು ಎಷ್ಟು ವೇಗವಾಗಿ ಸಾಗುತ್ತದೆ ಎಂಬುದಕ್ಕೆ ಸರಳ ಲೆಕ್ಕವಿದೆ: ಅವಧಿಯನ್ನು 0.78ರಿಂದ ಗುಣಿಸಿದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರುತ್ತದೆ. ಹದಿನಾಲ್ಕು ಸೆಕೆಂಡಿನ ಸ್ವೆಲ್ ಗಂಟೆಗೆ ಸುಮಾರು 39 ಕಿಲೋಮೀಟರ್, ಅಂದರೆ ದಿನಕ್ಕೆ 900 ಕಿಲೋಮೀಟರಿಗೂ ಹೆಚ್ಚು ದಾರಿ ಸಾಗುತ್ತದೆ. ನೀವು ಕೈಬಿಟ್ಟ ಅಲೆ ಮೂಲ್ಕಿ ತಲುಪಲು ಆರೇಳು ದಿನ ಪ್ರಯಾಣ ಮಾಡಿತ್ತು. ಸಕಲೇಶಪುರದ ಸಂಜೆಯ ಗುಡುಗಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಮ್ಮ ಆಕಾಶ ನೋಡಿ ಕಡಲನ್ನು ತೀರ್ಮಾನಿಸುವುದು ನಮ್ಮ ತೋಟಕ್ಕೆ ಬಿದ್ದ ಹೂಮಳೆ ನೋಡಿ ಇನ್ನೊಂದು ಸೀಮೆಯ ಫಸಲಿನ ಲೆಕ್ಕ ಹಾಕಿದಂತೆ.

‘ಆದರೂ 1.2 ಮೀಟರ್ ದೊಡ್ಡದಲ್ಲವೇ’ ಎಂದು ನೀವು ಕೇಳಬಹುದು. ಆ ಎತ್ತರ ತೆರೆದ ಕಡಲಿನದು, ದಡದ್ದಲ್ಲ. ಅಲೆಯ ಉದ್ದ ಅವಧಿಯ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ಆರು ಸೆಕೆಂಡಿನ ಅಲೆ ತಲೆಯಿಂದ ತಲೆಗೆ 56 ಮೀಟರ್ ಉದ್ದವಿದ್ದರೆ ಹದಿನಾಲ್ಕು ಸೆಕೆಂಡಿನದು 300 ಮೀಟರ್ ದಾಟುತ್ತದೆ. ತನ್ನ ಉದ್ದದ ಅರ್ಧದಷ್ಟು ಆಳಕ್ಕೆ ಬಂದಾಗ ಅಲೆಗೆ ನೆಲ ತಾಗತೊಡಗುತ್ತದೆ. ಉದ್ದದ ಸ್ವೆಲ್‌ಗೆ ಇದು ದಡದಿಂದ ಬಹಳ ದೂರದಲ್ಲೇ ಆಗುತ್ತದೆ. ಅಲ್ಲಿಂದ ಅದು ನಿಧಾನವಾಗುತ್ತ, ಉದ್ದ ಕುಗ್ಗುತ್ತ, ಆ ಶಕ್ತಿಯೆಲ್ಲ ಎತ್ತರವಾಗಿ ಮೇಲೇಳುತ್ತದೆ. ಇಂಜಿನಿಯರುಗಳು ಬಳಸುವ ಅಂದಾಜಿನ ಸೂತ್ರ ಹಾಕಿ ನೋಡಿದರೆ ನೀವು ಬಿಟ್ಟ 0.7 ಮೀಟರಿನ ಸ್ವೆಲ್ ದಡದ ಬಳಿ ನೀರಿನಡಿಯ ಮರಳದಿನ್ನೆಯ ಮೇಲೆ ಒಡೆಯುವಾಗ 1.3 ಮೀಟರಿನ ತನಕ ಏಳಬಲ್ಲದು. ನೀವು ಬೆನ್ನುಹತ್ತಿ ಹೋದ 1.2 ಮೀಟರಿನದು ಒಂದೂವರೆ ಮೀಟರ್ ಮುಟ್ಟುವುದೂ ಕಷ್ಟ. ನಮ್ಮ ಕರಾವಳಿ ಹೆಚ್ಚುಕಡಿಮೆ ಪಶ್ಚಿಮಕ್ಕೆ ಮುಖ ಮಾಡಿದೆ. ದಕ್ಷಿಣದಿಂದ ಬರುವ ಸ್ವೆಲ್ ಓರೆಯಾಗಿ ಬಂದು, ಬಾಗಿ ತಿರುಗುವಾಗ ಸ್ವಲ್ಪ ಎತ್ತರ ಕಳೆದುಕೊಳ್ಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಿಡಿದ ಮೇಲೂ ಎರಡು ದಿನಗಳ ಅಲೆ ದಡದಲ್ಲಿ ಅಜಗಜಾಂತರವೇನೂ ಇರಲಿಲ್ಲ.

ನಿಜವಾದ ವ್ಯತ್ಯಾಸ ಇದ್ದದ್ದು ಬಿಡುವಿನಲ್ಲಿ. ಆರು ಸೆಕೆಂಡಿಗೊಂದು ಅಲೆ ಮುಖಕ್ಕೆ ಹೊಡೆಯುತ್ತಿದ್ದರೆ ಕಲಿಯುವವರಿಗೆ ಬೋರ್ಡಿನ ಮೇಲೆ ಮಲಗಿ, ಕೈಬೀಸಿ, ಒಡೆಯುವ ಸಾಲನ್ನು ದಾಟಲು ಸಮಯವೇ ಸಿಗುವುದಿಲ್ಲ. ಒಂದರ ಹಿಂದೆ ಒಂದು ಬಂದು ಹಿಂದಕ್ಕೆ ತಳ್ಳುತ್ತಲೇ ಇರುತ್ತವೆ. ನಿಮ್ಮ ಮಗಳಿಗೆ ಆ ದಿನ ಆದದ್ದು ಇದೇ. ಅದು ಅವಳ ಕೈಲಾಗದ್ದೆಂದು ದಯವಿಟ್ಟು ಅವಳಿಗೆ ಅನ್ನಿಸಗೊಡಬೇಡಿ. ಹದಿನಾಲ್ಕು ಸೆಕೆಂಡ್ ಇದ್ದರೆ ಒಂದು ಅಲೆಯನ್ನು ದಾಟಿ ಮುಂದಿನದಕ್ಕೆ ಸಿದ್ಧರಾಗಬಹುದು. ಅಷ್ಟೇ ಅಲ್ಲ, ಉದ್ದದ ಸ್ವೆಲ್ ಕೆಲವು ದೊಡ್ಡ ಅಲೆಗಳ ಗುಂಪಾಗಿ ಬಂದು ನಡುವೆ ಹಲವು ನಿಮಿಷ ಸುಮ್ಮನಾಗುತ್ತದೆ. ಆ ಮೌನದಲ್ಲೇ ಹೊರಗೆ ಹೋಗಬೇಕು. ಅದೇ ಮೌನ ಮೋಸವನ್ನೂ ಮಾಡುತ್ತದೆ: ಕಡಲು ಶಾಂತವಾಗಿದೆ ಎಂದು ಇಳಿದವರ ಮೇಲೆ ಐದು ನಿಮಿಷದ ನಂತರ ದೊಡ್ಡ ಗುಂಪು ಬಂದು ಬೀಳುತ್ತದೆ. ಆದ್ದರಿಂದ ಮೂಲ್ಕಿ ತಲುಪಿದ ಕೂಡಲೇ ನೀರಿಗೆ ಇಳಿಯಬೇಡಿ. ಇಪ್ಪತ್ತು ನಿಮಿಷ ಮರಳಿನ ಮೇಲೆ ನಿಂತು ನೋಡಿ.

ಸೆಕೆಂಡಿನಿಂದ ಇನ್ನೊಂದು ಲಾಭವಿದೆ; ದೂರದಿಂದ ಬರುವ ನಮ್ಮಂಥವರಿಗೆ ಇದು ಬಹಳ ಮುಖ್ಯ. ಹೆಚ್ಚು ಅವಧಿಯ ಅಲೆ ಹೆಚ್ಚು ವೇಗವಾಗಿ ಸಾಗುವುದರಿಂದ ಒಂದೇ ಬಿರುಗಾಳಿಯ ಅಲೆಗಳು ದಾರಿಯಲ್ಲಿ ತಾವೇ ಬೇರೆಯಾಗಿ ಸಾಲುಗಟ್ಟುತ್ತವೆ. ಮುಂಚೂಣಿಯಲ್ಲಿ 17 ಸೆಕೆಂಡಿನವು ಬರುತ್ತವೆ, ಎತ್ತರ ಕಾಲು ಮೀಟರ್ ಇದ್ದರೂ ಇದ್ದೀತು. ಸುಮಾರು ಒಂದು ದಿನದ ನಂತರ 14, ಮತ್ತೊಂದು ದಿನಕ್ಕೆ 12. ಎತ್ತರ ನಡುವಿನ ದಿನಗಳಲ್ಲಿ ಏರುತ್ತದೆ. ಗುರುವಾರ ಮುನ್ಸೂಚನೆಯಲ್ಲಿ ಅವಧಿ ಥಟ್ಟನೆ 8ರಿಂದ 17ಕ್ಕೆ ಜಿಗಿದದ್ದನ್ನು ಕಂಡರೆ ಶುಕ್ರವಾರ ಸಂಜೆ ಚೀಲ ಕಟ್ಟಿ. ಶನಿವಾರ, ಭಾನುವಾರ ನಿಮ್ಮದು. ಹೀಗೆ ದೂರದ ಸ್ವೆಲ್ ಬರುತ್ತಿರುವುದು ನಾಲ್ಕೈದು ದಿನ ಮೊದಲೇ ತಿಳಿಯುತ್ತದೆ. ಸ್ಥಳೀಯ ಗಾಳಿಯ ಮುನ್ಸೂಚನೆಯನ್ನು ನಾನು ಎರಡು ದಿನಕ್ಕಿಂತ ಆಚೆಗೆ ನೆಚ್ಚುವುದಿಲ್ಲ.

ಇನ್ನು ಗಾಳಿ. ಎಷ್ಟೇ ಚೆಂದದ ಸ್ವೆಲ್ ಬಂದರೂ ಅದನ್ನು ಹಾಳುಮಾಡಲು ಕಡಲಿನಿಂದ ದಡಕ್ಕೆ ಬೀಸುವ ಗಾಳಿ ಸಾಕು. ಅಕ್ಟೋಬರಿನಿಂದ ಮೇ ತನಕ ನಮ್ಮ ಕರಾವಳಿಯ ಗಾಳಿಗೆ ದಿನಚರಿಯಿದೆ. ರಾತ್ರಿ ನೆಲ ತಣ್ಣಗಾಗಿ, ಬೆಳಗಿನ ಜಾವ ಪೂರ್ವದಿಂದ ಹಗುರವಾದ ನೆಲಗಾಳಿ ಕಡಲಿಗೆ ಬೀಸುತ್ತದೆ. ಅಲೆಯ ಮುಖವನ್ನು ಅದು ಎದುರಿನಿಂದ ತಡೆದು ನಿಲ್ಲಿಸುವುದರಿಂದ ಅಲೆ ನಯವಾಗಿ, ತಡವಾಗಿ ಒಡೆಯುತ್ತದೆ. ಬಿಸಿಲೇರಿ ನೆಲ ಕಾದಂತೆ ಇದು ಸತ್ತು, ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಕಡಲಗಾಳಿ ಏಳುತ್ತದೆ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಅದು ವಾಯವ್ಯದಿಂದ ಗಂಟೆಗೆ 20 ಕಿಲೋಮೀಟರ್ ಮೀರಿ ಬೀಸಿದರೆ ನೀರಿನ ಮೇಲ್ಮೈ ಪೂರ್ತಿ ಕದಡುತ್ತದೆ. ಮುನ್ಸೂಚನೆಯಲ್ಲಿ ಬೆಳಿಗ್ಗೆ ಆರರಿಂದ ಒಂಬತ್ತರ ಕಾಲಂ ಮಾತ್ರ ನೋಡಿ. ಗಾಳಿ ಗಂಟೆಗೆ 10 ಕಿಲೋಮೀಟರಿಗಿಂತ ಕಡಿಮೆ ಇದ್ದರೆ ದಿಕ್ಕು ಯಾವುದಾದರೂ ಚಿಂತೆಯಿಲ್ಲ.

ಇದರ ಅರ್ಥ, ನಿಮ್ಮೂರಿನಿಂದ ಬೆಳಿಗ್ಗೆ ತಿಂಡಿ ಮುಗಿಸಿ ಹೊರಟು ಹೋಗುವ ಸರ್ಫಿಂಗ್ ಎಂಬುದಿಲ್ಲ. ಸಕಲೇಶಪುರದಿಂದ ಮೂಲ್ಕಿಗೆ ಒಂದೂವರೆ ನೂರು ಕಿಲೋಮೀಟರಿಗೂ ಹೆಚ್ಚು ದಾರಿ. ಶಿರಾಡಿಯ ಲಾರಿ ಸಾಲು ಸಿಕ್ಕಿದರೆ ನಾಲ್ಕು ಗಂಟೆ ದಾಟುತ್ತದೆ. ತಲುಪುವಷ್ಟರಲ್ಲಿ ಕಡಲಗಾಳಿ ಎದ್ದಿರುತ್ತದೆ. ನಡುರಾತ್ರಿ ಎರಡು ಗಂಟೆಗೆ ನಿದ್ದೆಗಣ್ಣಿನಲ್ಲಿ ಘಾಟಿ ಇಳಿಯುವುದನ್ನು ನಾನು ಯಾರಿಗೂ ಹೇಳಲಾರೆ. ಹಿಂದಿನ ದಿನವೇ ಇಳಿದು, ಅಲ್ಲೇ ತಂಗಿ, ಬೆಳಕು ಹರಿದ ಕೂಡಲೇ ದಡದಲ್ಲಿರಿ. ಚಿಕ್ಕಮಗಳೂರು, ಮೂಡಿಗೆರೆ ಕಡೆಯಿಂದ ಚಾರ್ಮಾಡಿ ಇಳಿದು ಬರುವವರಿಗೂ ಇದೇ ಮಾತು.

ಉಬ್ಬರ ಇಳಿತಕ್ಕೆ ನಾಲ್ಕು ಮಾತು ಸಾಕು. ದೊಡ್ಡ ಉಬ್ಬರದ ದಿನಗಳಲ್ಲೂ ಮಂಗಳೂರಿನ ಕಡಲು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಆದರೆ ಅಲೆ ತನ್ನ ಎತ್ತರಕ್ಕಿಂತ ಸ್ವಲ್ಪವೇ ಹೆಚ್ಚು ಆಳದಲ್ಲಿ ಒಡೆಯುವುದರಿಂದ ಮರಳದಿನ್ನೆಯ ಮೇಲೆ ಆ ಒಂದೂವರೆ ಮೀಟರ್ ಎಲ್ಲವನ್ನೂ ಬದಲಿಸುತ್ತದೆ. ಪೂರ್ತಿ ಇಳಿತದಲ್ಲಿ ಅಲೆ ತೆಳುನೀರಿನ ಮೇಲೆ ಒಮ್ಮೆಗೇ ಕುಸಿಯುತ್ತದೆ, ಪೂರ್ತಿ ಉಬ್ಬರದಲ್ಲಿ ದಿನ್ನೆ ದಾಟಿ ದಡದ ಬುಡದಲ್ಲಿ ಬಡಿಯುತ್ತದೆ. ಕಲಿಯುವವರಿಗೆ ಇಳಿತ ಮುಗಿದು ನೀರು ಏರುತ್ತಿರುವ ನಡುವಿನ ಹೊತ್ತು ಒಳ್ಳೆಯದು. ಮನೆಯ ಪಂಚಾಂಗ ಇಲ್ಲಿ ಕೆಲಸಕ್ಕೆ ಬರುತ್ತದೆ: ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಏರಿಳಿತ ಹೆಚ್ಚು, ಅಷ್ಟಮಿಯ ಸುತ್ತ ಕಡಿಮೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ.

ಮಳೆಯ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಮಲೆನಾಡಿನವರಾದ ನಮಗೆ ಬೇರೆಯವರಿಗೆ ಕಾಣದ ಕೆಲವು ಸಂಗತಿ ಕಾಣುತ್ತವೆ. ನೀರಿನ ಮೇಲೆ ಬೀಳುವ ಮಳೆ ಅಲೆಯನ್ನು ಕೆಡಿಸುವುದಿಲ್ಲ. ಮಳೆಯ ಜೊತೆ ಬರುವ ಗಾಳಿ ಕೆಡಿಸುತ್ತದೆ, ಮಿಂಚು ಕೊಲ್ಲುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೋಡ ಮಧ್ಯಾಹ್ನದ ನಂತರ ಘಟ್ಟದ ಮೇಲೆ ಕಟ್ಟಿ ಸಂಜೆಗೆ ಸುರಿಯುತ್ತದೆ. ಬೆಳಗಿನ ಕಡಲಿಗೆ ಅದರಿಂದ ತೊಂದರೆ ಕಡಿಮೆ. ಗುಡುಗು ಕೇಳಿಸಿತೆಂದರೆ ಮಾತ್ರ, ಎಷ್ಟು ದೂರದ್ದಾದರೂ, ನೀರಿನಿಂದ ಹೊರಗೆ ಬನ್ನಿ.

ನಮ್ಮ ಮಳೆ ಕಡಲನ್ನು ಮುಟ್ಟುವುದು ಹೊಳೆಯ ದಾರಿಯಲ್ಲಿ. ಹಾಸನ ನಗರದಲ್ಲಿ, ಬೇಲೂರಿನಲ್ಲಿ ಸುರಿದದ್ದು ಹೇಮಾವತಿ, ಯಗಚಿಗಳ ಮೂಲಕ ಕಾವೇರಿ ಸೇರಿ ಬಂಗಾಳಕೊಲ್ಲಿಗೆ ಹೋಗುತ್ತದೆ. ಅದರ ಲೆಕ್ಕ ಮೂಲ್ಕಿಗೆ ಬೇಡ. ನಿಮ್ಮ ತಾಲ್ಲೂಕಿನ ಪಶ್ಚಿಮದಂಚಿನಲ್ಲಿ ಬಿದ್ದದ್ದು ಎತ್ತಿನಹೊಳೆ, ಕೆಂಪುಹೊಳೆಗಳಿಂದ ಗುಂಡ್ಯ ಹೊಳೆಗೆ, ಕುಮಾರಧಾರೆಗೆ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಮಂಗಳೂರಿನ ಅಳಿವೆಯಲ್ಲಿ ಕಡಲಿಗಿಳಿಯುತ್ತದೆ. ನೇತ್ರಾವತಿ ತಾನೇ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಸೀಮೆಯಲ್ಲಿ ಹುಟ್ಟಿದವಳು. ಘಟ್ಟದಲ್ಲಿ ಒಳ್ಳೆಯ ಮಳೆ ಹೊಡೆದ ಮೇಲೆ ಮಂಗಳೂರಿನ ಅಳಿವೆಯ ಸುತ್ತ ನೀರು ಕೆಂಪಗಾಗಿ, ಮರದ ಬೊಡ್ಡೆ, ತೆಂಗಿನ ಗರಿ, ಊರಿನ ಕೊಳೆಯೆಲ್ಲ ತೇಲುತ್ತದೆ. ನೀರಿನಡಿಯ ಬೊಡ್ಡೆ ಕಾಣುವುದಿಲ್ಲ, ಆ ನೀರು ಬಾಯಿಗೆ ಹೋದರೆ ಹೊಟ್ಟೆ ಕೆಡುತ್ತದೆ. ಮಂಗಳೂರಿನ ತಣ್ಣೀರುಬಾವಿ ಕಡಲತೀರಕ್ಕೆ ಹೋಗುವವರು ಇದನ್ನು ಗಮನಿಸಲೇಬೇಕು. ಮೂಲ್ಕಿಯ ಅಳಿವೆಯದು ಬೇರೆ ಹೊಳೆಗಳು: ಶಾಂಭವಿ ಮತ್ತು ಪಾವಂಜೆಯ ಬಳಿ ಹರಿಯುವ ನಂದಿನಿ. ಅವುಗಳಿಗೆ ಮೂಡುಬಿದಿರೆ, ಕಾರ್ಕಳ ಸೀಮೆಯ ಮಳೆ ನೋಡಿ. ಜೋರು ಮಳೆಯ ನಂತರ ಎರಡು ಮೂರು ದಿನ ಯಾವ ಅಳಿವೆಯ ಬಳಿಯೂ ಬೋರ್ಡ್ ಇಳಿಸದಿರುವುದು ಕ್ಷೇಮ.

ಅಳಿವೆಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಮೂಲ್ಕಿ, ಸಸಿಹಿತ್ಲುಗಳಲ್ಲಿ ಅಲೆ ಚೆನ್ನಾಗಿ ಒಡೆಯಲು ಕಾರಣವೇ ಹೊಳೆ ತಂದು ಹಾಕುವ ಮರಳು. 2004ರಲ್ಲಿ ಮೂಲ್ಕಿಯ ಆಶ್ರಮವೊಂದರಿಂದ ಇಲ್ಲಿ ಸರ್ಫಿಂಗ್ ಬೇರೂರಿತು. 2016ರ ಮೇ ತಿಂಗಳಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಆದರೆ ಆ ಮರಳದಿನ್ನೆಗಳು ನಿಂತಲ್ಲಿ ನಿಲ್ಲುವುದಿಲ್ಲ. ಪ್ರತಿ ಮಳೆಗಾಲ ಅವುಗಳನ್ನು ಕಲಕಿ ಬೇರೆಡೆ ಇಡುತ್ತದೆ. ಹೋದ ಡಿಸೆಂಬರಿನಲ್ಲಿ ನೀವು ನಿಂತ ಜಾಗ ಈ ಅಕ್ಟೋಬರಿನಲ್ಲಿ ಆಳದ ಕಾಲುವೆಯಾಗಿರಬಹುದು. ಇದು ಯಾವ ಮೊಬೈಲಿನ ಮುನ್ಸೂಚನೆಯಲ್ಲೂ ಬರುವುದಿಲ್ಲ. ದಿನಾ ಕಡಲಿಗೆ ಹೋಗುವ ಮೀನುಗಾರರಿಗೆ, ನೀವು ಕಲಿಯುತ್ತಿರುವ ಶಾಲೆಯ ತರಬೇತುದಾರರಿಗೆ ಗೊತ್ತಿರುತ್ತದೆ. ಹೊರಡುವ ಹಿಂದಿನ ದಿನ ಒಂದು ಫೋನ್ ಮಾಡಿ, ‘ದಿನ್ನೆ ಈಗ ಎಲ್ಲಿದೆ, ಸೆಳೆತ ಎಲ್ಲಿದೆ’ ಎಂದು ಕೇಳಿ.

ಸೆಳೆತವೆಂದರೆ ದಡಕ್ಕೆ ಬಂದ ನೀರು ದಿನ್ನೆಗಳ ನಡುವಿನ ಕಂಡಿಯಲ್ಲಿ ವಾಪಸು ಕಡಲಿಗೆ ಓಡುವ ಹರಿವು, ರಿಪ್ ಎನ್ನುತ್ತಾರಲ್ಲ, ಅದೇ. ಘಟ್ಟದ ಮೇಲಿನಿಂದ ಬರುವ ಪ್ರವಾಸಿಗರು ಕಡಲಿನಲ್ಲಿ ಪ್ರಾಣ ಕಳೆದುಕೊಳ್ಳುವ ಸುದ್ದಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸುತ್ತ ಬಿಳಿ ನೊರೆ ಇರುವಾಗ ನಡುವೆ ನೊರೆಯಿಲ್ಲದೆ ಕಪ್ಪಗೆ, ಶಾಂತವಾಗಿ ಕಾಣುವ ಪಟ್ಟಿಯೇ ಸುರಕ್ಷಿತ ಎಂದು ಹೊಸಬರು ಆರಿಸಿಕೊಳ್ಳುತ್ತಾರೆ. ಸೆಳೆತ ಇರುವುದು ಅಲ್ಲೇ. ಸಿಕ್ಕಿಕೊಂಡರೆ ದಡದ ಕಡೆಗೆ ಈಜಿ ದಣಿಯಬಾರದು. ಬೋರ್ಡನ್ನು ಬಿಡದೆ ತೇಲುತ್ತ, ಕೈಯೆತ್ತಿ ಕರೆದು, ಸೆಳೆತ ಸಡಿಲವಾದ ಮೇಲೆ ದಡಕ್ಕೆ ಸಮಾನಾಂತರವಾಗಿ ನೊರೆ ಇರುವ ಕಡೆಗೆ ಸರಿದು ಅಲೆಯ ಜೊತೆ ಒಳಗೆ ಬರಬೇಕು. ಇದನ್ನು ಮಗಳ ಜೊತೆ ದಡದಲ್ಲಿ ನಿಂತು ಬಾಯಿಬಿಟ್ಟು ಹೇಳಿಸಿ, ಮರೆಯಬೇಡಿ.

ನಿಮ್ಮ ಏಪ್ರಿಲ್, ಮೇ ಯೋಜನೆ ಒಳ್ಳೆಯದೇ. ಆ ತಿಂಗಳುಗಳಲ್ಲಿ ನಮ್ಮ ಕಡಲು ಬೆಳಿಗ್ಗೆ ಇನ್ನೂ ಶಾಂತವಾಗಿರುತ್ತದೆ, ದಕ್ಷಿಣದ ಸ್ವೆಲ್ ಮಾತ್ರ ಬಲವಾಗತೊಡಗಿರುತ್ತದೆ. ಮಗಳ ಈಗಿನ ಹಂತಕ್ಕೆ ಮುನ್ಸೂಚನೆಯಲ್ಲಿ 0.5ರಿಂದ 0.8 ಮೀಟರ್, 10ರಿಂದ 14 ಸೆಕೆಂಡ್, ಬೆಳಗಿನ ಹಗುರ ಗಾಳಿ, ಇಷ್ಟಿದ್ದರೆ ಹೊರಡಿ. ಸೆಕೆಂಡ್ 16 ದಾಟಿ ಎತ್ತರವೂ ಒಂದು ಮೀಟರ್ ಮೀರಿದ್ದರೆ ಅದು ನಿಮಗಲ್ಲ. ಹಾಗೆ ಬರುವ ದೊಡ್ಡ ಸ್ವೆಲ್ ಕೆಲವೊಮ್ಮೆ ಗಾಳಿ ಮಳೆ ಏನೂ ಇಲ್ಲದ ದಿನ ದಡದ ಮನೆಗಳಿಗೇ ನುಗ್ಗುತ್ತದೆ. ಕೇರಳದವರು ಕಳ್ಳಕ್ಕಡಲ್ ಎನ್ನುವ ಈ ಉಕ್ಕು ಹೆಚ್ಚಾಗಿ ಮುಂಗಾರಿಗೆ ಮೊದಲಿನ ತಿಂಗಳುಗಳಲ್ಲೇ ಕಾಣಿಸುತ್ತದೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯ್ಸ್, ಇದಕ್ಕೆ ಮುನ್ನೆಚ್ಚರಿಕೆ ಕೊಡುತ್ತದೆ. ಕರಾವಳಿಯ ಅಲೆಯ ಮುನ್ಸೂಚನೆಯೂ ಅಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನೊಮ್ಮೆ, ಹವಾಮಾನ ಇಲಾಖೆಯ ಮೀನುಗಾರರ ಎಚ್ಚರಿಕೆಯನ್ನೊಮ್ಮೆ ನೋಡದೆ ಮನೆ ಬಿಡಬೇಡಿ. ದೋಣಿ ಇಳಿಸಬೇಡಿ ಎಂದು ಹೇಳಿದ ದಿನ ಬೋರ್ಡನ್ನೂ ಇಳಿಸುವಂತಿಲ್ಲ.

ಮೇ ತಿಂಗಳಿಗೆ ಚಂಡಮಾರುತದ ಭಯವೂ ಇದೆ. 2021ರ ಮೇ ಮಧ್ಯದಲ್ಲಿ ತೌಕ್ತೆ ಲಕ್ಷದ್ವೀಪದ ಬಳಿ ಎದ್ದು ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗಿದಾಗ ದಡದ ಮನೆ, ರಸ್ತೆಗಳಿಗೆ ಕಡಲು ನುಗ್ಗಿತ್ತು. ಮೇ ಇಪ್ಪತ್ತರ ನಂತರದ ದಿನಗಳಿಗೆ ಮುಂಗಡ ಹಣ ಕೊಟ್ಟು ಕೋಣೆ ಕಾಯ್ದಿರಿಸಬೇಡಿ ಎಂದೇ ನನ್ನ ಸಲಹೆ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1; 2025ರಲ್ಲಿ ಅದು ಮೇ 24ಕ್ಕೇ ಬಂದುಬಿಟ್ಟಿತು. ಸ್ಪರ್ಧೆಗಳು ಮೇ ಕೊನೆಯಲ್ಲಿ ನಡೆಯುತ್ತವಲ್ಲ ಎಂದು ಮಗಳು ಕೇಳಿಯಾಳು. ಸ್ಪರ್ಧಿಗಳಿಗೆ ಬೇಕಾದ ದೊಡ್ಡ ಅಲೆ ಆಗ ಸಿಗುತ್ತದೆ ಎಂಬುದೇ ಅದಕ್ಕೆ ಕಾರಣ. ಕಲಿಯುವವರು ದೂರವಿರಬೇಕಾದ ಕಾರಣವೂ ಅದೇ.

ಜೂನಿನಿಂದ ಸೆಪ್ಟೆಂಬರ್ ತನಕ ಕಡಲಿನ ಮಾತೇ ಬೇಡ. ತೆರೆದ ನೀರಿನಲ್ಲಿ ಅಲೆ ಎರಡು ಮೂರು ಮೀಟರ್ ಇರುತ್ತದೆ, ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವಂತಿಲ್ಲ. ದಾರಿಯೂ ಹಾಗೆಯೇ: 2019ರ ಆಗಸ್ಟಿನಲ್ಲಿ ಚಾರ್ಮಾಡಿ ಕುಸಿಯಿತು, 2024ರ ಜುಲೈನಲ್ಲಿ ನಿಮ್ಮ ದೊಡ್ಡತಪ್ಪಲೆಯ ಬಳಿ ಶಿರಾಡಿ ರಸ್ತೆಗೆ ಗುಡ್ಡ ಜಾರಿತು.

ಮತ್ತೆ ಅಕ್ಟೋಬರ್ ಎರಡನೇ ವಾರದಿಂದ ನವೆಂಬರ್ ತನಕ ಬನ್ನಿ. ನನ್ನ ಮೆಚ್ಚಿನ ಕಾಲ ಅದು. ಗಾಳಿ ಪೂರ್ವದಿಂದ ಬೀಸತೊಡಗಿರುತ್ತದೆ, ಸ್ವೆಲ್ ಇನ್ನೂ ಪೂರ್ತಿ ಅಡಗಿರುವುದಿಲ್ಲ. ಅರೇಬಿಕಾ ಕೊಯ್ಲು ಜೋರಾಗುವ ಡಿಸೆಂಬರ್, ಜನವರಿಯಲ್ಲಿ ತೋಟ ಬಿಟ್ಟು ಬರಲಾಗುವುದಿಲ್ಲವೆಂದು ನೀವು ಮರುಗಬೇಕಿಲ್ಲ. ಆಗ ಕಡಲೂ ವರ್ಷದಲ್ಲೇ ಅತಿ ಸಣ್ಣದು. ಆ ತಿಂಗಳುಗಳಲ್ಲಿ ಒಮ್ಮೊಮ್ಮೆ ಅರೇಬಿಯಾ ಕಡೆಯ ಶಮಾಲ್ ಗಾಳಿ ಎಬ್ಬಿಸಿದ ಅಲೆ ವಾಯವ್ಯದಿಂದ ಬರುತ್ತದೆ, ಆರರಿಂದ ಎಂಟು ಸೆಕೆಂಡಿನದು. ನಿಮ್ಮನ್ನು ನಿರಾಶೆಗೊಳಿಸಿದ ಆ ದಿನದ ಅಂಕಿಗಳು ಇಂಥದ್ದೇ ಜಾತಿಯವು.

ಬೋರ್ಡ್ ಈಗಲೇ ಬೇಡ. ಎಂಟು ಅಡಿಯ ಮೃದು ಮೇಲ್ಮೈಯ ಬೋರ್ಡ್ ಶಾಲೆಯಲ್ಲೇ ಬಾಡಿಗೆಗೆ ಸಿಗುತ್ತದೆ. ಒಡೆಯದ ಹಸಿರು ಅಲೆಯನ್ನು ಅವಳು ತಾನೇ ಆರಿಸಿ, ತಾನೇ ಕೈಬೀಸಿ ಹಿಡಿದು, ಅಡ್ಡಕ್ಕೆ ತಿರುಗಿಸುವ ತನಕ ಅದೇ ಸಾಕು. ಆಮೇಲೆ ಕೊಳ್ಳುವುದಾದರೂ ಏಳು ಅಡಿಗಿಂತ ಗಿಡ್ಡದ್ದನ್ನು ಕೊಡಿಸಬೇಡಿ. ನಮ್ಮ ಕರಾವಳಿಯ ಸಣ್ಣ ಅಲೆಯ ದಿನಗಳಿಗೆ ತೇಲುವ ಬೋರ್ಡ್ ಬೇಕು. ಸದ್ಯಕ್ಕೆ ಆ ಹಣದಲ್ಲಿ ಹಾಸನದ ಈಜುಕೊಳಕ್ಕೆ ವಾರಕ್ಕೆ ಮೂರು ದಿನ ಕಳಿಸಿ. ಕೈಯ ಬಲ ಮತ್ತು ಉಸಿರು ಎರಡೂ ಬೆಳೆಯುತ್ತವೆ. ಕಾಲಿಗೆ ಕಟ್ಟುವ ಹಗ್ಗದ ವೆಲ್ಕ್ರೋ ಪಟ್ಟಿಯನ್ನು ಮಾತ್ರ ಪ್ರತಿ ಸಲ ನೀರಿಗಿಳಿಯುವ ಮೊದಲು ನೀವೇ ಎಳೆದು ನೋಡಿ. ಬಾಡಿಗೆ ಬೋರ್ಡುಗಳಲ್ಲಿ ಮೊದಲು ಸವೆಯುವುದು ಅದೇ.